ನಾಲ್ಕನೇ ಸಲ: 47 ದಿನದ ಶೀಟು

ಇವತ್ತಿಗೆ 47 ದಿನ. ಸಿಗರೇಟು ಬಿಡಲು ಹೊರಟಿದ್ದು ಇದು ನಾಲ್ಕನೇ ಸಲ. ಹಿಂದಿನ ಮೂರು ಸಲ ತಡೆದದ್ದು 6 ದಿನ, 11 ದಿನ, 19 ದಿನ. ನೆನಪಿನಿಂದ ಹೇಳುತ್ತಿದ್ದೇನೆ, ಎಲ್ಲೂ ಬರೆದಿಟ್ಟಿರಲಿಲ್ಲ.

ಈ ಸಲ ಬರೆಯುತ್ತಿದ್ದೇನೆ. ಪೀಣ್ಯದ ಒಂದು ಸಣ್ಣ ಶಾಪ್‌ನಲ್ಲಿ ಸಿಎನ್‌ಸಿ ಲೇತ್ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮಷಿನ್) ಮೇಲೆ ನನ್ನ ಕೆಲಸ. ಅಲ್ಲಿ ಹಳೇ ಇನ್‌ಸ್ಪೆಕ್ಷನ್ ಶೀಟುಗಳು ರಾಶಿ ಬಿದ್ದಿರುತ್ತವೆ. ಅವುಗಳ ಹಿಂಬದಿಯಲ್ಲಿ ದಿನಾ ನಾಲ್ಕು ಕಾಲಂ ತುಂಬುತ್ತೇನೆ. ಸೇದಿದ್ದು ಎಷ್ಟು, ಸಿಗರೇಟಿನ ಬದಲು ಜಗಿಯುವ ನಿಕೋಟಿನ್ ಗಮ್ ಎಷ್ಟು, ಕಾಫಿ ಎಷ್ಟು, ಮನಸ್ಸಿಗೆ ಹತ್ತಕ್ಕೆ ಎಷ್ಟು. ಮನಸ್ಸಿನ ಅಂಕ ಮಾತ್ರ ದಿನಕ್ಕೆ ಮೂರು ಸಲ. ದುಡ್ಡಿನ ಲೆಕ್ಕ ಬರೆದಿಲ್ಲ. ಗಮ್ಮಿಗೂ ಕಾಸು ಬೇಕಲ್ಲ, ಸುಮ್ನೆ ಯಾಕೆ ಬೇಜಾರು ಅಂತ.

ಮೂರನೇ ಸಲ ಹೇಗೆ ಕೈ ಕೊಟ್ಟಿತು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಎರಡು ವರ್ಷದಿಂದ ನನಗೆ ಖಿನ್ನತೆ. ಅದಕ್ಕೆ ಎಸಿಟಾಲೊಪ್ರಾಮ್ ಅನ್ನುವ ಮಾತ್ರೆ ನಡೆಯುತ್ತಿತ್ತು, ನಡೆಯುತ್ತಿದೆ, ಆಗ 10 ಎಂ.ಜಿ. ಕಳೆದ ಸಂಕ್ರಾಂತಿ ಹೊತ್ತಿಗೆ ಚೆನ್ನಾಗಿಯೇ ಇದ್ದೆ. ಆ ಹುಮ್ಮಸ್ಸಿನಲ್ಲಿ ಸಿಗರೇಟೂ ಬಿಟ್ಟೆ, ಯಾರನ್ನೂ ಕೇಳದೆ ಮಾತ್ರೆಯನ್ನೂ ಬಿಟ್ಟೆ. ಹತ್ತೊಂಬತ್ತನೇ ದಿನ ಹಾಸಿಗೆಯಿಂದ ಏಳಲಾಗಲಿಲ್ಲ. ಸಿಗರೇಟು ಇಲ್ಲದ್ದಕ್ಕೆ ಹೀಗೋ, ಮಾತ್ರೆ ಇಲ್ಲದ್ದಕ್ಕೆ ಹೀಗೋ? ಹೇಳಲು ದಾರಿಯೇ ಇರಲಿಲ್ಲ. ಸಂಜೆ ಬೇಕರಿ ಮುಂದೆ ನಿಂತು ಎರಡು ಸೇದಿದೆ, ವಾರದೊಳಗೆ ಮತ್ತೆ ದಿನಕ್ಕೆ 14.

ಜಾಬ್ ಸೈಜ್ ತಪ್ಪಿದಾಗ ಟೂಲ್ ಬದಲಿಸಿ, ಆಫ್‌ಸೆಟ್ ಬದಲಿಸಿ, ಸ್ಪೀಡೂ ಬದಲಿಸಿದರೆ ಮುಂದಿನ ಪೀಸ್ ಸರಿ ಬಂದರೂ ಯಾತರಿಂದ ಬಂತು ಅಂತ ಗೊತ್ತಾಗುವುದಿಲ್ಲ. ಹೊಸ ಹುಡುಗರಿಗೆ ಇದನ್ನು ಬೈದು ಬೈದು ಹೇಳಿಕೊಡುವವನೇ ನಾನು. ನನ್ನ ಮೈ ವಿಷಯಕ್ಕೆ ಬಂದಾಗ ಎರಡನ್ನೂ ಒಟ್ಟಿಗೆ ತಿರುಗಿಸಿದ್ದೆ.

ಈ ಸಲ ತಾಲೂಕು ಆಸ್ಪತ್ರೆಗೆ ಹೋದೆ. ಮಂಗಳವಾರದ ಮನೋಚೈತನ್ಯ ಅನ್ನುವ ಮಾನಸಿಕ ಆರೋಗ್ಯ ಕ್ಲಿನಿಕ್‌ನಲ್ಲಿ ಡಾಕ್ಟರು ಹೇಳಿದ್ದು ಎರಡೇ ಮಾತು. "ಮಾತ್ರೆ ಮುಟ್ಟಬೇಡಿ. ಸಿಗರೇಟು ಮಾತ್ರ ಬಿಡಿ." ಬುಪ್ರೊಪಿಯಾನ್ ಅಂತ ಒಂದು ಮಾತ್ರೆ ಇದೆ, ಅದು ಖಿನ್ನತೆಗೂ ಕೊಡುವಂಥದ್ದು, ಸಿಗರೇಟು ಬಿಡಿಸಲೂ ಕೊಡುವಂಥದ್ದು. ಒಂದೇ ಕಲ್ಲಿಗೆ ಎರಡು ಹಕ್ಕಿ ಅಂತ ನಾನೇ ಕೇಳಿದೆ. ಚಿಕ್ಕಂದಿನಲ್ಲಿ ಎರಡು ಸಲ ಫಿಟ್ಸ್ ಬಂದಿತ್ತು ಅಂದದ್ದೇ ತಡ, ಬೇಡವೇ ಬೇಡ ಅಂದರು. ಗಮ್ ಬರೆದುಕೊಟ್ಟರು. ಎದ್ದು ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ 4 ಎಂ.ಜಿ., ಆಮೇಲೆ ಹಚ್ಚುವವರಿಗೆ 2. ನಾನು ಹಲ್ಲುಜ್ಜುವ ಮೊದಲೇ ಹಚ್ಚುವ ಗಿರಾಕಿ.

1ರಿಂದ 5ನೇ ದಿನ

ಗಮ್ಮನ್ನು ಬಬಲ್‌ಗಮ್ ಥರ ಜಗಿದೆ. ಬಿಕ್ಕಳಿಕೆ ಶುರುವಾಯಿತು, ಎದೆ ಉರಿ ಬೇರೆ. ಪಕ್ಕದ ಮಷಿನ್ನಿನವನು "ಯಾರೋ ನೆನೆಸ್ಕೊತಾ ಇದಾರೆ ಅಣ್ಣ" ಅಂದ. ಹೌದಪ್ಪ, ಬೇಕರಿಯವನು. ಆಮೇಲೆ ಗೊತ್ತಾಯಿತು, ನಾಲ್ಕಾರು ಸಲ ನಿಧಾನಕ್ಕೆ ಜಗಿದು, ಬಾಯಿ ಚುರುಚುರು ಅಂದ ಕೂಡಲೇ ಕೆನ್ನೆ ಮತ್ತು ವಸಡಿನ ನಡುವೆ ಸಿಕ್ಕಿಸಿ ಸುಮ್ಮನಿರಬೇಕು. ಚುರುಚುರು ಹೋದ ಮೇಲೆ ಮತ್ತೆ ಜಗಿಯಬೇಕು. ಕಾಫಿ ಕುಡಿದ ಬಾಯಿಗೆ ಹಾಕಿದರೆ ಅದು ಹತ್ತುವುದಿಲ್ಲ, ಹದಿನೈದು ನಿಮಿಷ ಬಿಡಬೇಕು.

ಎರಡನೇ ಮತ್ತು ಮೂರನೇ ದಿನ ಕೆಟ್ಟವು. ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆ ಅಂತ ತಟ್ಟೆ ತಳ್ಳಿದೆ. ಹೆಂಡತಿ ಏನೂ ಅನ್ನಲಿಲ್ಲ, ಉಪ್ಪಿನ ಡಬ್ಬಿ ತಂದು ಮುಂದೆ ಇಟ್ಟು ಹೋದಳು. ಶೀಟಿನಲ್ಲಿ ಆ ದಿನ ಮನಸ್ಸು 3, 3, 2.

ನಾಲ್ಕನೇ ದಿನ ತಂಬಾಕು ಬಿಡಿಸುವ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿದೆ. 2018ರಿಂದ ಈ ನಂಬರನ್ನು ಸಿಗರೇಟು ಪ್ಯಾಕಿನ ಮೇಲೆ ಅಚ್ಚು ಹಾಕುತ್ತಾರೆ. ಇಷ್ಟು ವರ್ಷ ಸೇದಿದವನಿಗೆ ಈ ವಿಷಯ ಗೊತ್ತಾದದ್ದು ಡಾಕ್ಟರು ಹೇಳಿದ ಮೇಲೆ. ಬಿಡಿ ಸಿಗರೇಟು ಕೊಳ್ಳುವವನು ಪ್ಯಾಕು ನೋಡುವುದಾದರೂ ಎಲ್ಲಿ? ಪ್ಯಾಕಿನ ಮೇಲಿನ ಎಚ್ಚರಿಕೆ ಚಿತ್ರವೂ ಅಷ್ಟೇ, ಅಂಗಡಿಯವನ ಕಡೆಗೆ ಮುಖ ಮಾಡಿರುತ್ತದೆ. ನಿಮ್ಹಾನ್ಸ್‌ನಲ್ಲೂ ಈ ಸಹಾಯವಾಣಿಯ ಒಂದು ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡಿದರು. ಅವರು ಕೊಟ್ಟ ಒಂದು ಸಲಹೆ ಉಳಿದದ್ದೆಲ್ಲಕ್ಕಿಂತ ಉಪಯೋಗಕ್ಕೆ ಬಂತು. ಸೇದಬೇಕು ಅನ್ನಿಸಿದಾಗ ಗಡಿಯಾರ ನೋಡಿ, ಐದು ನಿಮಿಷ ಕಳೆಯಿರಿ ಅಷ್ಟೇ ಅಂದರು.

ನನ್ನ ಈಗಿನ ಜಾಬಿನ ಸೈಕಲ್ ಟೈಮ್, ಅಂದರೆ ಮಷಿನ್ ಒಂದು ಪೀಸ್ ಮುಗಿಸುವ ಹೊತ್ತು, 4 ನಿಮಿಷ 40 ಸೆಕೆಂಡ್. ತಲುಬು ಬಂದ ಕೂಡಲೇ ಸೈಕಲ್ ಸ್ಟಾರ್ಟ್ ಒತ್ತಿ ಬಾಗಿಲ ಗಾಜಿಗೆ ಮುಖ ಕೊಟ್ಟು ನಿಲ್ಲುತ್ತೇನೆ. ಒಳಗೆ ಕೂಲಂಟ್ (ಟೂಲ್ ತಂಪು ಮಾಡುವ ದ್ರವ) ಹಾಲಿನ ಹಾಗೆ ಚಿಮ್ಮುತ್ತಿರುತ್ತದೆ, ಸುರುಳಿ ಸುರುಳಿ ಲೋಹದ ಚಿಪ್ಸ್ ಬೀಳುತ್ತಿರುತ್ತವೆ. ರಫಿಂಗ್, ಅಂದರೆ ಮೊದಲ ಒರಟು ಕೊರೆತ, ಮುಗಿಯುವವರೆಗೆ ಕಷ್ಟ. ಕೊನೆಯ ಫಿನಿಶಿಂಗ್ ಪಾಸ್ ಬರುವ ಹೊತ್ತಿಗೆ ಸಡಿಲ ಆಗಿರುತ್ತದೆ. ಪೀಸ್ ಹೊರಗೆ ತೆಗೆಯುವಾಗ ಎಷ್ಟೋ ಸಲ ಮರೆತೇ ಹೋಗಿರುತ್ತದೆ.

8ನೇ ದಿನ

ಮೈಕ್ರೋಮೀಟರ್ ಹಿಡಿದರೆ ಕೈ ನಡುಗುತ್ತಿದೆ. ಒಂದೇ ಪೀಸನ್ನು ಮೂರು ಸಲ ಅಳೆದರೆ ಮೂರು ರೀಡಿಂಗ್, 0.02 ಎಂ.ಎಂ. ವ್ಯತ್ಯಾಸ. ಎದೆ ಡವಡವ, ರಾತ್ರಿ ನಿದ್ದೆ ಇಲ್ಲ. ಹಳೇ ಭಯ ಮತ್ತೆ ಬಂತು, ಖಿನ್ನತೆ ವಾಪಸ್ ಬರುತ್ತಿದೆ ಅಂದುಕೊಂಡೆ.

ಕಾರಣ ಶೀಟಿನ ಮೂರನೇ ಕಾಲಂನಲ್ಲಿತ್ತು. ಸಿಗರೇಟಿನ ಹೊಗೆ ಲಿವರ್‌ಗೆ ಚುರುಕು ಮುಟ್ಟಿಸಿ ಕೆಫೀನ್ ಬೇಗ ಕರಗಿಸುವ ಹಾಗೆ ಮಾಡುತ್ತದೆ. ಇದು ಹೊಗೆಯ ಕೆಲಸ, ನಿಕೋಟಿನ್ನಿನದಲ್ಲ, ಹಾಗಾಗಿ ಗಮ್ ಹಾಕಿಕೊಂಡರೂ ಪ್ರಯೋಜನ ಇಲ್ಲ. ಹೊಗೆ ನಿಂತ ಕೆಲವು ದಿನಕ್ಕೆ ಲಿವರ್ ನಿಧಾನ ಆಗುತ್ತದೆ, ಕೆಫೀನ್ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ನಾನು ಮಾತ್ರ ಸಿಗರೇಟಿನ ಜಾಗಕ್ಕೆ ಕಾಫಿ ಸೇರಿಸುತ್ತಾ ಆರಕ್ಕೆ ಏರಿಸಿದ್ದೆ. ಎರಡಕ್ಕೆ ಇಳಿಸಿದೆ, ಅದೂ ಮಧ್ಯಾಹ್ನದೊಳಗೆ. ಮೂರು ದಿನದಲ್ಲಿ ಕೈ ನಿಂತಿತು.

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದೇ ನನ್ನ ಸಿಟ್ಟು. ಕೆಲವು ಮಾತ್ರೆಗಳಿಗೂ ಇದೇ ಆಗುತ್ತದೆ. ಕ್ಲೋಜಪೀನ್, ಓಲಾಂಜಪೀನ್ ಅನ್ನುವ ಮನೋರೋಗದ ಮಾತ್ರೆ ತೆಗೆದುಕೊಳ್ಳುವವರು ಸಿಗರೇಟು ಬಿಟ್ಟರೆ ರಕ್ತದಲ್ಲಿ ಅವುಗಳ ಮಟ್ಟ ಏರುತ್ತದೆ. ಡಾಕ್ಟರಿಗೆ ಹೇಳಿಯೇ ಬಿಡಬೇಕು.

17ನೇ ದಿನ

ಬೆಳಿಗ್ಗೆ ಶಾಪ್ ಒಳಗೆ ಕಾಲಿಟ್ಟರೆ ಏನೋ ಕೊಳೆತ ವಾಸನೆ. ಇಲಿ ಸತ್ತಿದೆ ಅಂದುಕೊಂಡು ಮಷಿನ್ ಹಿಂದೆಲ್ಲ ಹುಡುಕಿದೆ. ಸೂಪರ್‌ವೈಸರ್ ನಕ್ಕರು. "ಕೂಲಂಟ್ ಕಣ್ರೀ ಅದು, ಸೋಮವಾರ ಸೋಮವಾರ ಹಿಂಗೇ ನಾರುತ್ತೆ." ಹನ್ನೆರಡು ವರ್ಷ ಅದೇ ಕೂಲಂಟ್‌ನಲ್ಲಿ ಕೈ ಅದ್ದಿದ್ದೇನೆ. ಮೂಗು ಈಗ ಬಂದಿದೆ.

23ನೇ ದಿನ

ಸೇದಿದ್ದು: ಒಂದೂವರೆ.

ಭಾನುವಾರ. ನನಗೆ ಭಾನುವಾರ ಯಾವಾಗಲೂ ಭಾರ. ಶಿಫ್ಟ್ ಇಲ್ಲ, ಏಳಲು ಕಾರಣ ಇಲ್ಲ. ಮೊಸರು ತರಲು ಹೋದವನು ಬೇಕರಿ ಮುಂದೆ ನಿಂತೆ. ಕಂಬಕ್ಕೆ ದಾರ ಕಟ್ಟಿ ನೇತುಹಾಕಿದ ಲೈಟರ್, ಅದರ ಚಕ್ರ ಸವೆದು ನುಣ್ಣಗಾಗಿದೆ. ಅದರಲ್ಲಿ ಒಂದು ಪಾಲು ನನ್ನದೇ ಹೆಬ್ಬೆರಳಿನ ಸವೆತ. ಬೇಕರಿ ಅಣ್ಣನಿಗೆ "ನಾನು ಬಂದ್ರೆ ಟೀ ಮಾತ್ರ ಕೊಡಿ" ಅಂತ ಹೇಳಿಟ್ಟಿದ್ದೆ. ಕೇಳಿದಾಗ ಅವರು ಒಂದು ಕ್ಷಣ ಮುಖ ನೋಡಿ ಕೊಟ್ಟರು. ವ್ಯಾಪಾರ ಅವರದು, ತಪ್ಪೇನಿಲ್ಲ.

ಬಾಯಿ ಕೆಟ್ಟುಹೋಯಿತು, ವಾಂತಿ ಬಂತು ಅಂತೆಲ್ಲ ಬರೆಯಬಹುದಿತ್ತು. ಸುಳ್ಳಾಗುತ್ತದೆ. ಮೊದಲನೆಯದು ಚೆನ್ನಾಗಿಯೇ ಇತ್ತು. ತಲೆ ಸ್ವಲ್ಪ ತಿರುಗಿತು. ಎರಡನೆಯದನ್ನು ಅರ್ಧಕ್ಕೆ ಬಿಸಾಕಿದೆ. ಮನಸ್ಸಿನ ಅಂಕ ಸೇದುವ ಮೊದಲು 4, ಸೇದಿದಾಗ 5, ಒಂದು ಗಂಟೆ ಬಿಟ್ಟು 3. ಹಿಂದಿನ ಸಲಗಳಲ್ಲಿ ಇಲ್ಲಿಗೇ ಮುಗಿಯಿತು ಅಂತ ವಾರದೊಳಗೆ ಪೂರ್ತಿ 14ಕ್ಕೆ ಹೋಗುತ್ತಿದ್ದೆ. ಶಾಪ್‌ನಲ್ಲಿ ಎಲ್ಲ ತಪ್ಪು ಪೀಸನ್ನೂ ಸ್ಕ್ರ್ಯಾಪ್ ಡಬ್ಬಿಗೆ ಹಾಕುವುದಿಲ್ಲ, ರಿವರ್ಕ್, ಅಂದರೆ ಸರಿಪಡಿಸಿಕೊಳ್ಳುವುದು, ಅಂತಲೂ ಒಂದು ಕಾಲಂ ಇದೆ. ಅದರಲ್ಲಿ ಬರೆದೆ. ಮೊಸರು ಮರೆತು ಬಂದಿದ್ದೆ, ಅದಕ್ಕೆ ಬೇರೆ ಬೈಸಿಕೊಂಡೆ.

31ನೇ ದಿನ

ರಾತ್ರಿ ಒಂದೂವರೆಗೆ ಎದ್ದು ಕೂತೆ. ಇದು ಸಿಗರೇಟಿನ ತಲುಬಲ್ಲ ಅಂತ ಗೊತ್ತಿತ್ತು. ಐದು ನಿಮಿಷ ಆಯಿತು, ಇಪ್ಪತ್ತು ಆಯಿತು, ಹೋಗಲಿಲ್ಲ. ಬೇಸರಕ್ಕೆ ಸೈಕಲ್ ಟೈಮ್ ಇಲ್ಲ. ನಾನಿಲ್ಲದಿದ್ದರೆ ಇವರಿಗೆಲ್ಲ ಹಗುರ ಅನ್ನುವ ಹಳೇ ಯೋಚನೆ ತಲೆ ಎತ್ತಿತು. 14416ಕ್ಕೆ ಮಾಡಿದೆ. ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ದುಡ್ಡಿಲ್ಲ. ಆ ಕಡೆಯ ಹೆಣ್ಣುಮಗಳು ಮೊದಲು ಕೇಳಿದ್ದು "ಊಟ ಆಯ್ತಾ ಸಾರ್?" ಅಂತ. ಆಗಿರಲಿಲ್ಲ. ಹೆಂಡತಿಯನ್ನು ಎಬ್ಬಿಸಿ ವಿಷಯ ಹೇಳಿ ಅಂದರು, ಎಬ್ಬಿಸಿದೆ. ಆ ರಾತ್ರಿ ಇಬ್ಬರೂ ಕೂತು ಮೊಸರನ್ನ ತಿಂದೆವು. ಮುಂದಿನ ಮಂಗಳವಾರ ಡಾಕ್ಟರ ಹತ್ತಿರ ಇವಳೂ ಬಂದಳು. ಮಾತ್ರೆ 15 ಎಂ.ಜಿ. ಆಯಿತು.

ಇವತ್ತು

ನಲವತ್ತೇಳು ದಿನದ ಶೀಟನ್ನು ಊಟದ ಟೇಬಲ್ ಮೇಲೆ ಹರಡಿ ನೋಡಿದೆ. ಒಂದು ವಿಷಯ ಕಣ್ಣಿಗೆ ಹೊಡೆಯಿತು. ಬೆಳಿಗ್ಗೆ ಆರರ ಅಂಕ ಹೆಚ್ಚುಕಡಿಮೆ ಎಲ್ಲ ದಿನವೂ ಕಡಿಮೆ, ಮಧ್ಯಾಹ್ನಕ್ಕೆ ಒಂದೆರಡು ಏರಿದೆ. ಸೇದದ ದಿನವೂ ಏರಿದೆ. ಇಷ್ಟು ವರ್ಷ ಬೆಳಗಿನ ಮೂರು ಸಿಗರೇಟು ನನ್ನನ್ನು ಎತ್ತಿ ನಿಲ್ಲಿಸುತ್ತಿವೆ ಅಂತ ನಂಬಿದ್ದೆ. ಅದು ತಾನಾಗಿ ಏರುವ ಹೊತ್ತು, ಸಿಗರೇಟು ಬಿಟ್ಟಿ ಹೆಸರು ತಗೊಳ್ಳುತ್ತಿತ್ತು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 26 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ್ದರು. ಬಿಟ್ಟವರ ಖಿನ್ನತೆ, ಆತಂಕ ಬಿಡದವರಿಗಿಂತ ಕಡಿಮೆ ಆಗಿತ್ತು. ಓದಿದಾಗ ನಂಬಿಕೆ ಬಂದಿರಲಿಲ್ಲ, ನನ್ನ ಶೀಟು ನೋಡಿದ ಮೇಲೆ ಅರ್ಧ ನಂಬಿದ್ದೇನೆ.

ಗಮ್ ದಿನಕ್ಕೆ ಹನ್ನೊಂದರಿಂದ ಐದಕ್ಕೆ ಬಂದಿದೆ. ಕಾಫಿ ಎರಡು. ಮನಸ್ಸು 4, 6, 5.

ನಾಳೆಯಿಂದ ನೈಟ್ ಶಿಫ್ಟ್. ರಾತ್ರಿ ಮೂರಕ್ಕೆ ಬೇಕರಿ ಮುಚ್ಚಿರುತ್ತದೆ, ಆದರೆ ಗೇಟಿನ ಸೆಕ್ಯೂರಿಟಿಯವರ ಹತ್ತಿರ ಬೀಡಿ ಕಟ್ಟು ಇರುತ್ತದೆ. ಇವತ್ತು ಹೊರಡುವಾಗಲೇ ಹೇಳಿಬಂದೆ, ನಾನು ಎಷ್ಟು ಕೇಳಿದರೂ ಕೊಡಬೇಡಿ ಅಂತ.

"ಕೊಡಲ್ಲ ಬಿಡಿ ಸಾರ್," ಅಂದರು. "ನಂಗೇ ಸಾಲಲ್ಲ."