ಕಸ್ತೂರಬಾ ಅವರ ಸಾವು ಗಾಂಧೀಜಿಗೆ ‘ಪ್ಲಸ್’ ಆಯಿತೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಬೆಳಗಾವಿಯಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನಿಗೆ ಗಾಂಧೀಜಿಯವರಿಂದ ನಿವೃತ್ತಿ ಇರುವುದಿಲ್ಲ. ಗಾಂಧೀಜಿ ತಮ್ಮ ಜೀವಮಾನದಲ್ಲಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ 1924ರ ಡಿಸೆಂಬರಿನಲ್ಲಿ ನಮ್ಮ ಟಿಳಕವಾಡಿಯಲ್ಲಿ ನಡೆದದ್ದರಿಂದ, ಅಕ್ಟೋಬರ್ 2 ಮತ್ತು ಜನವರಿ 30 ಹತ್ತಿರವಾದಂತೆ ಸುತ್ತಲಿನ ಶಾಲೆ ಕಾಲೇಜುಗಳಿಂದ ಕರೆ ಬರುತ್ತದೆ. ನಾನು ಹೋಗುತ್ತೇನೆ, ಅಧಿವೇಶನದ ಬಗ್ಗೆ ಮಾತನಾಡುತ್ತೇನೆ, ಶಾಲು ಹೊದಿಸಿಕೊಳ್ಳುತ್ತೇನೆ. ಭಾಷಣ ಮುಗಿದ ಮೇಲೆ ಬರುವ ಪ್ರಶ್ನೆಗೂ ಆ ಅಧಿವೇಶನಕ್ಕೂ ಸಂಬಂಧವಿರುವುದಿಲ್ಲ: “ಕಸ್ತೂರಬಾ ಜೈಲಿನಲ್ಲಿ ತೀರಿಕೊಂಡದ್ದರಿಂದಲೇ ಬ್ರಿಟಿಷರು ಗಾಂಧೀಜಿಯವರನ್ನು ಬಿಟ್ಟರಂತೆ, ಹೌದೇ?”

ಅಲ್ಲ. ಎಲ್ಲರೂ ‘ಬಾ’ ಎಂದು ಕರೆಯುತ್ತಿದ್ದ ಕಸ್ತೂರಬಾ ತೀರಿಕೊಂಡದ್ದು 1944ರ ಫೆಬ್ರವರಿ 22ರಂದು, ಮಹಾಶಿವರಾತ್ರಿಯ ಸಂಜೆ, ಇಬ್ಬರನ್ನೂ ಸೆರೆಯಲ್ಲಿಟ್ಟಿದ್ದ ಪುಣೆಯ ಆಗಾ ಖಾನ್ ಅರಮನೆಯಲ್ಲಿ. ಗಾಂಧೀಜಿಯವರ ಬಿಡುಗಡೆಯಾದದ್ದು ಮೇ 6ರಂದು. ಹೆಂಡತಿ ಸತ್ತ ಕೈದಿಯ ಮೇಲೆ ಸರ್ಕಾರಕ್ಕೆ ಕನಿಕರ ಹುಟ್ಟುವುದಾಗಿದ್ದರೆ ಅದಕ್ಕೆ ಎರಡು ತಿಂಗಳಿಗಿಂತ ಹೆಚ್ಚು ಕಾಲ ಬೇಕಾಗುತ್ತಿರಲಿಲ್ಲ. ಅವರನ್ನು ಬಿಟ್ಟದ್ದು ಮಲೇರಿಯಾದಿಂದ ಅವರ ದೇಹಸ್ಥಿತಿ ಕೆಟ್ಟುಹೋಗಿ, ಅವರೂ ಸೆರೆಯಲ್ಲೇ ಸತ್ತರೆ ದೇಶವನ್ನು ಹಿಡಿಯುವುದು ಕಷ್ಟ ಎಂಬ ಭಯದಿಂದ. ಅವರು ಮತ್ತೆ ಸಕ್ರಿಯ ರಾಜಕಾರಣಕ್ಕೆ ಮರಳುವುದು ಅನುಮಾನ ಎಂದು ವೈದ್ಯಕೀಯ ವರದಿಗಳು ಹೇಳಿದ್ದರಿಂದ ವೈಸರಾಯ್ ವೇವೆಲ್ ಅವರಿಗೆ ಧೈರ್ಯ ಬಂದಿತ್ತು. ಜುಲೈ ತಿಂಗಳಲ್ಲಿ ಚರ್ಚಿಲ್, ಗಾಂಧಿ ಇನ್ನೂ ಏಕೆ ಸತ್ತಿಲ್ಲ ಎಂದು ಕೇಳಿ ತಂತಿ ಕಳುಹಿಸಿದ್ದನ್ನು ವೇವೆಲ್ ತಮ್ಮ ದಿನಚರಿಯಲ್ಲೇ ಬರೆದಿಟ್ಟಿದ್ದಾರೆ. ಕನಿಕರದ ಮಟ್ಟ ಅಷ್ಟಿತ್ತು.

ಇಷ್ಟು ಹೇಳಿದರೆ ಸಾಲದು ಎಂದು ನನಗೆ ತಿಳಿದದ್ದು ಬಾಗಲಕೋಟೆ ಜಿಲ್ಲೆಯ ಒಂದು ಊರಿನ ಕಾರ್ಯಕ್ರಮದಲ್ಲಿ. ಭಾಷಣ ಮುಗಿದು, ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಚುರಮರಿ, ಮಿರ್ಚಿ ಭಜಿ ಹಂಚುತ್ತಿದ್ದರು. ಸಂಘಟಕರಲ್ಲಿ ಒಬ್ಬರು, ಪಂಚಾಯತಿ ಚುನಾವಣೆಗಳಲ್ಲಿ ಪಳಗಿದವರಂತೆ ಕಂಡವರು, ನಾನು ಹೇಳಿದ ತಾರೀಖುಗಳನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, ಭಜಿಯ ತುಂಬು ಹಿಡಿದು ತಿರುಗಿಸುತ್ತ, “ಅದೆಲ್ಲಾ ಖರೇರಿ ಸರ, ಆದ್ರ ಒಟ್ಟ ಹೇಳ್ರಿ, ಬಾ ಹೋಗಿದ್ದು ಗಾಂಧಿಗೆ ಪ್ಲಸ್ ಆತೋ, ಮೈನಸ್ ಆತೋ?” ಎಂದು ಕೇಳಿದರು. ಕೋಣೆಯಲ್ಲಿದ್ದ ಯಾರಿಗೂ ಅದು ಅಸಂಗತವಾಗಿ ಕಾಣಲಿಲ್ಲ. ಎಲ್ಲರೂ ಉತ್ತರಕ್ಕಾಗಿ ನನ್ನ ಮುಖ ನೋಡಿದರು. ನಾನು ಚಹಾ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಎದ್ದು ಬಂದೆ. ಅಂದು ಹೇಳದೆ ಬಂದದ್ದನ್ನು ಈಗ ಬರೆಯುತ್ತಿದ್ದೇನೆ. ಇನ್ನು ಮೇಲೆ ಯಾರೇ ಕೇಳಿದರೂ ಇದನ್ನೇ ಅವರ ಮೊಬೈಲಿಗೆ ಕಳುಹಿಸುವವನಿದ್ದೇನೆ. ಚುರಮರಿಯಾದರೂ ಶಾಂತಿಯಿಂದ ತಿನ್ನಬಹುದು.

ಆ ಮಹನೀಯರ ತಲೆಯಲ್ಲಿದ್ದದ್ದು ಅನುಕಂಪದ ಅಲೆ. ನಮ್ಮ ಕಡೆ ನಾಯಕರ ಮನೆಯಲ್ಲಿ ಸಾವಾದರೆ ಮಣ್ಣು ಮುಗಿಯುವ ಮೊದಲೇ ಅಲೆಯ ಮಾತು ಶುರುವಾಗುತ್ತದೆ. ಆ ಅಲೆಯ ಎತ್ತರವನ್ನು ಬೆಳಗಾವಿಯವರು ಅಳೆದು ನೋಡಿಯೂ ಇದ್ದಾರೆ. ಕೇಂದ್ರದ ರೈಲ್ವೆ ರಾಜ್ಯ ಸಚಿವರಾಗಿದ್ದ ಸುರೇಶ ಅಂಗಡಿಯವರು 2020ರ ಸೆಪ್ಟೆಂಬರಿನಲ್ಲಿ ಕೋವಿಡ್‌ನಿಂದ ತೀರಿಕೊಂಡರು. 2019ರಲ್ಲಿ ಅವರು ಗೆದ್ದ ಅಂತರ 3,91,304 ಮತ. 2021ರ ಉಪಚುನಾವಣೆಯಲ್ಲಿ ಅವರ ಪತ್ನಿ ಮಂಗಳಾ ಅಂಗಡಿಯವರು ಗೆದ್ದ ಅಂತರ 5,240 ಮತ. ಎದುರಾಳಿ ಬಲಿಷ್ಠರಾಗಿದ್ದರು, ಮೂರನೆಯ ಅಭ್ಯರ್ಥಿ ಲಕ್ಷಕ್ಕೂ ಹೆಚ್ಚು ಮತ ಪಡೆದರು, ಮೋದಿಯವರ ಹೆಸರಿನಲ್ಲಿ ನಡೆದ ಮಹಾಚುನಾವಣೆ ಅದಾಗಿರಲಿಲ್ಲ ಎಂಬ ಕಾರಣಗಳೆಲ್ಲ ಇವೆ. ಆದರೆ ಒಂದು ಸಾವಿನಿಂದ ಮತಗಳು ತಾವಾಗಿಯೇ ಹರಿದು ಬರುತ್ತವೆ ಎಂದು ನಂಬುವವರು ಮೊದಲು ತಮ್ಮದೇ ಕ್ಷೇತ್ರದ ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಂಡು ನೋಡಬೇಕು.

ಎರಡು ಘಟನೆಗಳ ತಾರೀಖು ಹತ್ತಿರವಿದ್ದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗುವುದಿಲ್ಲ ಎಂಬುದನ್ನು ನಾನು ವರ್ಷಗಟ್ಟಲೆ ತರಗತಿಯಲ್ಲಿ ಹೇಳಿದ್ದೇನೆ, ಫಲವಿಲ್ಲ. ಜಿನ್ನಾ ಅವರ ಪತ್ನಿ ರತನ್‌ಬಾಯಿ 1929ರ ಫೆಬ್ರವರಿಯಲ್ಲಿ ತೀರಿಕೊಂಡರು, ಮಾರ್ಚಿನಲ್ಲಿ ಜಿನ್ನಾ ಮುಸ್ಲಿಮರ ಪರವಾಗಿ ತಮ್ಮ ಹದಿನಾಲ್ಕು ಅಂಶಗಳ ಬೇಡಿಕೆಯನ್ನು ಮಂಡಿಸಿದರು. ಆದ್ದರಿಂದ ದೇಶ ಒಡೆದದ್ದು ಆ ದುಃಖದಿಂದ ಎಂದು ವಾದಿಸುವವರನ್ನು ನಾನು ಕಂಡಿದ್ದೇನೆ. ಆದರೆ ಭಾರತದ ಸಂವಿಧಾನ ಹೇಗಿರಬೇಕೆಂದು ಮೋತಿಲಾಲ್ ನೆಹರೂ ಸಮಿತಿ ಕೊಟ್ಟ 1928ರ ನೆಹರೂ ವರದಿಗೆ ಜಿನ್ನಾ ಸೂಚಿಸಿದ ತಿದ್ದುಪಡಿಗಳನ್ನು ಅದೇ ವರ್ಷದ ಡಿಸೆಂಬರಿನಲ್ಲಿ ಕಲ್ಕತ್ತೆಯ ಸರ್ವಪಕ್ಷ ಸಭೆ ತಳ್ಳಿಹಾಕಿತ್ತು, ಆಗ ರತನ್‌ಬಾಯಿ ಬದುಕಿದ್ದರು.

ಅಂಬೇಡ್ಕರ್ ಅವರ ವಿಷಯದಲ್ಲೂ ಇದೇ ಲೆಕ್ಕ. ರಮಾಬಾಯಿ 1935ರ ಮೇ 27ರಂದು ನಿಧನರಾದರು. ಹಿಂದೂವಾಗಿ ಸಾಯುವುದಿಲ್ಲ ಎಂದು ಅಂಬೇಡ್ಕರ್ ನಾಸಿಕ ಜಿಲ್ಲೆಯ ಯೇವಲೆಯಲ್ಲಿ ಘೋಷಿಸಿದ್ದು ಅದೇ ವರ್ಷದ ಅಕ್ಟೋಬರ್ 13ರಂದು. ನಡುವೆ ಐದು ತಿಂಗಳೂ ಇಲ್ಲ. ಆದರೆ ಅದಕ್ಕೆ ಹಿಂದೆ ನಾಸಿಕದ ಕಾಳಾರಾಮ ಮಂದಿರದ ಬಾಗಿಲಲ್ಲಿ ದಲಿತರ ಪ್ರವೇಶಕ್ಕಾಗಿ 1930ರಿಂದ ಐದು ವರ್ಷ ನಡೆಸಿದ ಸತ್ಯಾಗ್ರಹವಿದೆ, ಆ ಬಾಗಿಲು ತೆರೆಯಲಿಲ್ಲ ಎಂಬ ಸತ್ಯವಿದೆ. ಈ ದಂಪತಿಯ ವಿಷಯದಲ್ಲಿ ನನ್ನನ್ನು ಕಾಡುವುದು ಬೇರೆಯೇ. ರಮಾಬಾಯಿಯವರಿಗೆ ಪಂಢರಪುರಕ್ಕೆ ಹೋಗಿ ವಿಠ್ಠಲನನ್ನು ನೋಡುವ ಆಸೆಯಿತ್ತು. ವಿಜಯಪುರ, ಬೆಳಗಾವಿಗಳ ಹಳ್ಳಿಗಳಿಂದ ಆಷಾಢದಲ್ಲಿ ದಿಂಡಿ ಕಟ್ಟಿಕೊಂಡು ಹೋಗುವವರಿಗೆ ಆ ಆಸೆ ಎಂಥದೆಂದು ವಿವರಿಸಬೇಕಿಲ್ಲ. ದೂರದಲ್ಲಿ ನಿಂತು ಕೈಮುಗಿದು ಬರಬೇಕಾದ ಆ ಪಂಢರಪುರ ಬೇಡ, ನಾವೇ ಬೇರೊಂದು ಪಂಢರಪುರ ಕಟ್ಟೋಣ ಎಂದು ಗಂಡ ತಡೆದರು. ಆ ಗುಡಿ ದಲಿತರಿಗೆ ತೆರೆದದ್ದು 1947ರಲ್ಲಿ, ಸಾನೆ ಗುರೂಜಿಯವರ ಉಪವಾಸದ ನಂತರ. ಹೀಗಿರುವಾಗ ಹೆಂಡತಿಯ ಸಾವು ಗಂಡನ ರಾಜಕಾರಣವನ್ನು ಹೇಗೆ ಬದಲಿಸಿತು ಎಂದು ಕೇಳುವುದಕ್ಕಿಂತ, ಆ ರಾಜಕಾರಣ ಯಾವ ಅವಮಾನದ ವಿರುದ್ಧ ಹುಟ್ಟಿತೋ ಅದೇ ಅವಮಾನ ಆಕೆಯ ಕೊನೆಯ ಆಸೆಯ ತನಕ ಬಂದು ನಿಂತಿತ್ತು ಎಂಬುದನ್ನು ಗಮನಿಸುವುದು ಹೆಚ್ಚು ಉಪಯುಕ್ತ.

ಮರಳಿ ಬಾ ಅವರ ವಿಷಯಕ್ಕೆ ಬರುತ್ತೇನೆ. ಅವರ ಸಾವಿಗೆ ರಾಜಕೀಯ ಪರಿಣಾಮವೇ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. 1943ರ ಫೆಬ್ರವರಿಯಲ್ಲಿ ಗಾಂಧೀಜಿ ಅದೇ ಅರಮನೆಯಲ್ಲಿ 21 ದಿನ ಉಪವಾಸ ಕೂತಾಗ ವೈಸರಾಯರ ಕಾರ್ಯಕಾರಿ ಮಂಡಳಿಯ ಮೂವರು ಸದಸ್ಯರು, ಎಂ.ಎಸ್. ಅಣೆ, ಎಚ್.ಪಿ. ಮೋದಿ ಮತ್ತು ಎನ್.ಆರ್. ಸರ್ಕಾರ್, ರಾಜೀನಾಮೆ ಕೊಟ್ಟಿದ್ದರು. ಬಾ ಸತ್ತಾಗ ಅಂಥದ್ದೇನೂ ಆಗಲಿಲ್ಲ. ಆದರೆ ಸರ್ಕಾರ ಹೆದರಿದ್ದು ಅಂತ್ಯಕ್ರಿಯೆಯ ವಿಷಯದಲ್ಲಿ ಬಯಲಾಯಿತು. ದೇಹವನ್ನು ಮಕ್ಕಳಿಗೆ ಒಪ್ಪಿಸಿ ಹೊರಗೆ ಸಾರ್ವಜನಿಕವಾಗಿ ಸಂಸ್ಕಾರ ನಡೆಯಲು ಬಿಡಿ, ಇಲ್ಲವೇ ಅರಮನೆಯ ಆವರಣದಲ್ಲಿ ಬಂಧುಮಿತ್ರರೊಡನೆ ಮಾಡುತ್ತೇವೆ, ಅದೂ ಆಗದಿದ್ದರೆ ಒಳಗಿನ ಕೈದಿಗಳೇ ಮಾಡುತ್ತೇವೆ ಎಂದು ಗಾಂಧೀಜಿ ಮೂರು ದಾರಿ ಮುಂದಿಟ್ಟರು. ಮೊದಲನೆಯದಕ್ಕೆ ಸರ್ಕಾರ ಒಪ್ಪಲಿಲ್ಲ. 74 ವರ್ಷದ ಮುದುಕಿಯ ಶವ ಪುಣೆಯ ಬೀದಿಯನ್ನು ದಾಟಿ ಹೋಗುವುದನ್ನು ಒಂದು ಸಾಮ್ರಾಜ್ಯ ಸಹಿಸಲಾರದಾಯಿತು. ಹಾಗಾಗಿ 1942ರ ಆಗಸ್ಟ್ 15ರಂದು ಅಲ್ಲೇ ತೀರಿಕೊಂಡಿದ್ದ, ಗಾಂಧೀಜಿಯವರ ಕಾರ್ಯದರ್ಶಿ ಮಹಾದೇವ ದೇಸಾಯಿಯವರನ್ನು ಸುಟ್ಟ ಜಾಗದ ಬದಿಯಲ್ಲೇ, ಗಾಂಧೀಜಿ ನೂತ ನೂಲಿನ ಸೀರೆ ಉಡಿಸಿ, ಬಾ ಅವರಿಗೂ ಸಂಸ್ಕಾರವಾಯಿತು.

ಚಿಕಿತ್ಸೆಯ ಕತೆಯೂ ಇದೇ ಬಗೆಯದು. ಲಾಹೋರಿನ ವೈದ್ಯ ಶಿವಶರ್ಮ ಅವರಿಗೆ ರೋಗಿಯನ್ನು ನೋಡಲು ಅನುಮತಿ ಸಿಕ್ಕಿತು, ರಾತ್ರಿ ಒಳಗೆ ತಂಗಲು ಸಿಗಲಿಲ್ಲ. ಕರೆದ ಕೂಡಲೇ ಬರಲು ಅನುಕೂಲವಾಗಲೆಂದು ಅವರು ಕೆಲವು ರಾತ್ರಿ ಗೇಟಿನ ಹೊರಗೆ ಕಾರಿನಲ್ಲೇ ಮಲಗಿದರು. ಇದಾದ ಮೇಲೆಯೂ ಸರ್ಕಾರದ ಕಡೆಯಿಂದ, ಸಾಧ್ಯವಿದ್ದ ಎಲ್ಲ ಆರೈಕೆ ಸಿಕ್ಕಿತ್ತು, ಗಂಡನ ಬಳಿಯೇ ಇರುವುದು ಅವರ ಇಚ್ಛೆಯಾಗಿತ್ತು ಎಂಬ ವಿವರಣೆ ಹೊರಬಂತು. ಬಿಡುಗಡೆಯ ಮಾತನ್ನು ತಮ್ಮ ಮುಂದೆ ಯಾರೂ ಎತ್ತಿಯೇ ಇರಲಿಲ್ಲ ಎಂದು ಗಾಂಧೀಜಿ ಸರ್ಕಾರಕ್ಕೆ ಪತ್ರ ಬರೆದು ಅದನ್ನು ಅಲ್ಲಗಳೆದರು. ದುಃಖದ ನಡುವೆಯೂ ವಿವರ ವಿವರಕ್ಕೆ ತಕರಾರು ಹೂಡಿದ ಆ ಪತ್ರವ್ಯವಹಾರವನ್ನು ಓದಿದವರು ‘ಪ್ಲಸ್’ ಎಂಬ ಮಾತನ್ನು ಬಾಯಿಗೆ ತರಲಾರರು.

ಹೊರಗೆ, ಬಾ ಹೆಸರಿನ ಸ್ಮಾರಕ ನಿಧಿಗೆ 75 ಲಕ್ಷ ರೂಪಾಯಿಯ ಗುರಿ ಇಟ್ಟುಕೊಂಡು ಕೂಡಿಸತೊಡಗಿದ ಹಣ ಆ ಗುರಿಯನ್ನು ಮೀರಿತು. ನಾಯಕರೆಲ್ಲ ಜೈಲಿನಲ್ಲಿದ್ದ ಕಾಲದಲ್ಲಿ ಜನ ಬಹಿರಂಗವಾಗಿ ಸೇರಿ ಮಾಡಬಹುದಾಗಿದ್ದ ಕೆಲಸ ಅದಾಗಿತ್ತು. ಹಳ್ಳಿಯ ಹೆಣ್ಣುಮಕ್ಕಳು ಮತ್ತು ಮಕ್ಕಳಿಗಾಗಿ ಅದರಿಂದ ಹುಟ್ಟಿದ ಟ್ರಸ್ಟಿನ ಶಾಖೆ ನಮ್ಮ ಅರಸೀಕೆರೆಯಲ್ಲಿಯೂ ಇದೆ. ಪರಿಣಾಮ ಬೇಕು ಎನ್ನುವವರು ಇದನ್ನು ಬರೆದುಕೊಳ್ಳಲಿ.

ಇಷ್ಟೆಲ್ಲ ಕೇಳುವವರು, ಆಕೆ ಜೈಲಿನಲ್ಲಿ ಇದ್ದದ್ದಾದರೂ ಏಕೆ ಎಂದು ಮಾತ್ರ ನನ್ನನ್ನು ಕೇಳಿಲ್ಲ. ಗಂಡನ ಊಟ ಔಷಧ ನೋಡಿಕೊಳ್ಳಲು ಜೊತೆಗೆ ಹೋಗಿದ್ದರೆಂದು ಬಹುಶಃ ಎಲ್ಲರೂ ಅಂದುಕೊಂಡಿದ್ದಾರೆ. 1942ರ ಆಗಸ್ಟ್ 9ರ ಬೆಳಗಿನ ಜಾವ ಮುಂಬಯಿಯಲ್ಲಿ ಗಾಂಧೀಜಿಯವರನ್ನು ಬಂಧಿಸಿದಾಗ, ಆ ದಿನ ಶಿವಾಜಿ ಪಾರ್ಕಿನಲ್ಲಿ ಅವರು ಮಾಡಬೇಕಿದ್ದ ಭಾಷಣವನ್ನು ತಾನು ಮಾಡುತ್ತೇನೆಂದು ಬಾ ಹೇಳಿದರು, ಅದಕ್ಕಾಗಿಯೇ ಅವರನ್ನು ಹಿಡಿದರು. ಅದಕ್ಕೂ ಮೊದಲು, 1939ರಲ್ಲಿ, ಎಪ್ಪತ್ತರ ಅಂಚಿನಲ್ಲಿ, ರಾಜಕೋಟೆಯ ಸತ್ಯಾಗ್ರಹಕ್ಕೆ ಹೋಗಿ ಬಂಧನದಲ್ಲಿದ್ದರು. ಇನ್ನೂ ಹಿಂದೆ, ದಕ್ಷಿಣ ಆಫ್ರಿಕಾದಲ್ಲಿ, ಕ್ರೈಸ್ತ ವಿಧಿಯಲ್ಲದ ಮದುವೆಗಳಿಗೆ ಮಾನ್ಯತೆಯಿಲ್ಲ ಎಂಬ ತೀರ್ಪು 1913ರಲ್ಲಿ ಬಂದು, ಭಾರತೀಯ ಹೆಂಡಂದಿರೆಲ್ಲ ಕಾನೂನಿನ ಕಣ್ಣಿಗೆ ಹೆಂಡಂದಿರೇ ಅಲ್ಲದಂತಾದಾಗ, ಫೀನಿಕ್ಸ್ ಆಶ್ರಮದಿಂದ ಹೊರಟ ಮೊದಲ ಸತ್ಯಾಗ್ರಹಿಗಳ ತಂಡದಲ್ಲಿ ಅವರಿದ್ದರು. ಮೂರು ತಿಂಗಳ ಕಠಿಣ ಸಜೆಯಾಯಿತು, ಮಾರಿಟ್ಸ್‌ಬರ್ಗ್ ಜೈಲಿನಿಂದ ಬರುವಾಗ ಎಲುಬಿನ ಗೂಡಾಗಿದ್ದರು. ಆ ಚಳವಳಿಯಲ್ಲಿ ಗಾಂಧೀಜಿ ಬಂಧನಕ್ಕೊಳಗಾದದ್ದು ನವೆಂಬರಿನಲ್ಲಿ. ಬಾ ಜೈಲಿಗೆ ಹೋದದ್ದು ಸೆಪ್ಟೆಂಬರಿನಲ್ಲಿ. ಇದರ ಬಗ್ಗೆ ಭಾಷಣ ಬೇಕೆನ್ನುವ ಶಾಲೆಯವರು ಯಾವಾಗ ಬೇಕಾದರೂ ಫೋನು ಮಾಡಬಹುದು, ಶಾಲು ಬೇಕಾಗಿಲ್ಲ.