ತೇವ ಹಿಡಿದ ಮನೆ ಮಾರಿದ್ದು

ಕುಮಟಾದ ನಮ್ಮ ಹಳೇ ಮನೆ ಮಾರುವುದೆಂದು ತೀರ್ಮಾನವಾದಾಗ ದಲಾಲಿ ಮೊದಲು ಹೇಳಿದ್ದು ಇಷ್ಟು: "ಹೆಗಡೇರೆ, ಮಳೆಗಾಲ ಮುಗೀಲಿ. ದೀಪಾವಳಿ ಹೊತ್ತಿಗೆ ಗೋಡೆ ಒಣಗ್ತದೆ. ಪುಟ್ಟಿ ಹಾಕಿ ಎರಡು ಕೈ ಪೇಂಟ್ ಹೊಡೆಸಿ, ಆಮೇಲೆ ಗಿರಾಕಿ ಕರ್ಕೊಂಡು ಬರ್ತೇನೆ."

ಆಯಿ ಒಪ್ಪಲಿಲ್ಲ. "ತಮಾ, ಮುಚ್ಚಿಟ್ಟು ಮಾರದು ಬ್ಯಾಡ. ತಗಂಡವು ಮಕ್ಕಳ ಕಟ್ಗಂಡು ಮಲಗವು ಇಲ್ಲಿ."

ನನಗೂ ಅದೇ ಸರಿ ಅನ್ನಿಸಿತು. ಅಂಕೋಲೆ ಕಡೆಯ ಮೇಷ್ಟ್ರೊಬ್ಬರು ಕೇಳಿದ್ದರು. ಆಷಾಢದ ಜಡಿಮಳೆಯಲ್ಲೇ ಬನ್ನಿ ಅಂದೆ. ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಸುರಿಯುವ ಊರಲ್ಲಿ ಮನೆಯನ್ನು ಬೇಸಿಗೆಯಲ್ಲಿ ನೋಡಿ ಕೊಳ್ಳುವುದು ಅನ್ಯಾಯ.

ನಡುಮನೆಯ ಕಪಾಟನ್ನು ಇಬ್ಬರೂ ಸೇರಿ ಸರಿಸಿದೆವು. ಹಿಂದಿನ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಕಪ್ಪು ಬೂಷ್ಟು, ಅದರ ಮೇಲೆ ಬಿಳಿ ಉಪ್ಪಿನ ಗೆರೆ. ಮೇಷ್ಟ್ರು ಉಗುರಿನಿಂದ ಕೆರೆದರು, ಗಾರೆ ಹಿಟ್ಟಿನಂತೆ ಉದುರಿತು. ಗೋಡೆಯ ಚಿರೆಕಲ್ಲು (ಜಂಬಿಟ್ಟಿಗೆ) ನೆಲದ ನೀರನ್ನು ಹೀರಿ ಮೇಲಕ್ಕೆಳೆಯುತ್ತದೆ. ನಮ್ಮ ಅಡಿಪಾಯದಲ್ಲಿ ಅದನ್ನು ತಡೆಯುವ ಪದರವೇ ಇಲ್ಲ. ಸುಣ್ಣದ ಗಾರೆ ಇದ್ದಷ್ಟು ಕಾಲ ಆ ನೀರು ಗೋಡೆಯಿಂದಲೇ ಆರಿಹೋಗುತ್ತಿತ್ತು. ಅಪ್ಪಯ್ಯನ ಕಾಲದಲ್ಲಿ ಗಟ್ಟಿಯಾಗಲಿ ಎಂದು ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರು. ಹೊರಹೋಗುವ ದಾರಿ ಮುಚ್ಚಿ ತೇವ ಇನ್ನೂ ಮೇಲೇರಿತು. ಇಂಥ ಗೋಡೆಗೆ ಪೇಂಟ್ ಬಳಿದರೆ ಒಂದೇ ಮಳೆಗಾಲಕ್ಕೆ ಎದ್ದು ಬರುತ್ತದೆ.

ಬಚ್ಚಲ ಕಡೆ ಇನ್ನೂ ಕಷ್ಟ. ನೀರು ನಿಂತು ನಿಂತು ಮಣ್ಣು ಕುಸಿದು, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೋಗಿದೆ. ಮೇಲ್ಗಡೆ ಬೆರಳು ತೂರುವಷ್ಟು ಅಗಲ. ಅಟ್ಟಕ್ಕೂ ಹತ್ತಿಸಿದೆ. ಮಾಡು (ಛಾವಣಿ) ಹೊರುವ ಪಕಾಸಿನ ಮರ ಗೋಡೆಯ ಮೇಲೆ ಕೂತ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೂ ಇಳಿಯಿತು. ಹೊರಗೆ ನುಣ್ಣಗೆ ಕಾಣುವ ಮರ, ಒಳಗೆಲ್ಲ ವರಲೆ (ಗೆದ್ದಲು) ಮಣ್ಣು. ಕೆಳಗೆ ನಿಂತು ನೋಡಿದವರಿಗೆ ಇದು ಜನ್ಮಕ್ಕೂ ಗೊತ್ತಾಗುವುದಿಲ್ಲ. ಅಂಥದ್ದನ್ನೇ ಮಾರುವವ ಬಾಯಿಬಿಟ್ಟು ಹೇಳಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಹೇಳುವುದೂ ಅದನ್ನೇ: ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ, ಮಾರುವವನಿಗೆ ಗೊತ್ತಿರುವ ದೊಡ್ಡ ದೋಷವನ್ನು ತಿಳಿಸಲೇಬೇಕು. ಆಯಿಗೆ ಕಲಮಿನ ಸುದ್ದಿ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ. ಇದು ಕೈಬಿಟ್ಟಂತೆಯೇ ಅಂದುಕೊಂಡೆ. ಮರುವಾರ ತಮ್ಮ ಗೌಂಡಿಯನ್ನು ಕರೆತಂದರು. ಬಚ್ಚಲ ಬದಿಯ ಗೋಡೆ ಇಳಿಸಿ ಕಟ್ಟಬೇಕು, ಪಕಾಸು ಬದಲಿಸಬೇಕು, ಸಿಮೆಂಟ್ ಕೆರೆಸಿ ಸುಣ್ಣದ ಗಾರೆ ಹಾಕಬೇಕು ಎಂದು ಅವನು ಲೆಕ್ಕ ಕೊಟ್ಟ. ಅಷ್ಟನ್ನೂ ಬೆಲೆಯಲ್ಲಿ ಇಳಿಸಿದೆವು. ದಲಾಲಿಗೆ ಬೇಜಾರಾಯಿತು, ನಮಗೂ ಆ ದುಡ್ಡು ಸಣ್ಣದಾಗಿರಲಿಲ್ಲ. ಗೋಡೆ, ಅಡಿಪಾಯ, ಮಾಡು, ಮೂರರ ದೋಷವನ್ನೂ ಕರಾರುಪತ್ರದಲ್ಲೇ ಬರೆಸಿ ಇಬ್ಬರೂ ರುಜು ಹಾಕಿದೆವು. ಗಟ್ಟಿಯಿದ್ದ ಹಲಸಿನ ಬಾಗಿಲುಗಳನ್ನು ಕೀಳುವುದಿಲ್ಲ ಎಂದು ಮೇಷ್ಟ್ರು ತಾವಾಗಿಯೇ ಆಯಿಗೆ ಹೇಳಿದರು.