ಯಾವ ಕಾಲಂನಲ್ಲಿ ಬರೆಯಲಿ?

ಮಾರ್ಚ್ 14, 2025, ಶುಕ್ರವಾರ
ಸ್ಯಾನ್ ಹೋಸೆ

ಸಮಾಜಕಾರ್ಯದ ಪರವಾನಗಿಗಾಗಿ ನಾನು ಗಳಿಸುತ್ತಿರುವ ಕೆಲಸದ ಗಂಟೆಗಳನ್ನು ಬರೆದಿಡುವ ವಾರದ ಲಾಗ್ ಇನ್ನೂ ಅರ್ಧ ಖಾಲಿಯಿದೆ. ವೃದ್ಧ ಕ್ಲೈಂಟ್ ಒಬ್ಬರ ಜೊತೆ ಬಾಡಿಗೆ ನೆರವಿನ ಕಚೇರಿಯಲ್ಲಿ ಕಳೆದ ಮಧ್ಯಾಹ್ನವನ್ನು ಯಾವ ಕಾಲಂನಲ್ಲಿ ಬರೆಯಬೇಕೆಂಬುದೇ ತೊಡಕು. ಸರದಿಗಾಗಿ ಕಾಯುತ್ತಿದ್ದಾಗ, ಕೈಯಲ್ಲಿದ್ದ ಟೋಕನ್ ಚೀಟಿಯನ್ನು ಮಡಚುತ್ತ ಬಿಚ್ಚುತ್ತ, ಅವರು ಮೊದಲ ಬಾರಿಗೆ ಮಗನ ಸಾವಿನ ವಿಷಯ ತೆಗೆದರು. ಕೌನ್ಸೆಲಿಂಗ್ ಕೊಠಡಿಯಲ್ಲಿ ಎದುರುಬದುರು ಕುಳಿತಾಗ ಒಮ್ಮೆಯೂ ಬಾರದಿದ್ದ ಮಾತು ಅದು.

ನನ್ನ ಕೆಲಸವನ್ನು ಮೇಲ್ವಿಚಾರಕರೊಂದಿಗೆ ಕುಳಿತು ಪರಿಶೀಲಿಸುವ ಇಂದಿನ ಸೂಪರ್‌ವಿಷನ್ ಪೂರ್ತಿ ಇದಕ್ಕೇ ಹೋಯಿತು.

"ನೀವು ಅಲ್ಲಿಗೆ ಹೋದದ್ದು ಏತಕ್ಕೆ?" ಎಂದು ಸೂಪರ್‌ವೈಸರ್ ಕೇಳಿದರು. ಅರ್ಜಿ ತುಂಬಲು ನೆರವಾಗುವುದಕ್ಕೆ ಎಂದೆ.

"ಹಾಗಾದರೆ ಅದು ನಾನ್-ಕ್ಲಿನಿಕಲ್, ಚಿಕಿತ್ಸೆಯ ಲೆಕ್ಕಕ್ಕಲ್ಲ. ಅವರು ಮಗನ ವಿಷಯ ಹೇಳಿದಾಗ ಏನು ಮಾಡಿದಿರಿ?"

"ಕೇಳಿಸಿಕೊಂಡೆ."

"ಅದನ್ನು ಪಕ್ಕದ ಕುರ್ಚಿಯವರೂ ಮಾಡುತ್ತಿದ್ದರು. ನಿದ್ದೆ, ಊಟ, ಬದುಕು ಸಾಕೆನಿಸುವ ಯೋಚನೆ, ಇವುಗಳ ಬಗ್ಗೆ ವಿಚಾರಿಸಿದಿರಾ?"

ವಿಚಾರಿಸಿದ್ದೆ, ಟಿಪ್ಪಣಿಯಲ್ಲೂ ದಾಖಲಿಸಿದ್ದೆ. "ಅಷ್ಟು ಹೊತ್ತು ಮೌಲ್ಯಮಾಪನ, ಉಳಿದದ್ದು ಸರದಿ. ಎರಡನ್ನೂ ಬೇರೆ ಬೇರೆ ಬರೆಯಿರಿ," ಎಂದರು. ಅವರ ಮಾತು ಸರಿಯೆಂದು ಆಗಲೇ ಹೊಳೆಯಿತಾದರೂ ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ಎಲ್‌ಸಿಎಸ್‌ಡಬ್ಲ್ಯು, ಅಂದರೆ ಸ್ವತಂತ್ರವಾಗಿ ಮನೋಚಿಕಿತ್ಸೆ ನೀಡಬಲ್ಲ ಕ್ಲಿನಿಕಲ್ ಸಮಾಜಕಾರ್ಯಕರ್ತರ ಪರವಾನಗಿಗೆ ಕ್ಯಾಲಿಫೋರ್ನಿಯಾದಲ್ಲಿ ಬೇಕಾದ 3,000 ಗಂಟೆಗಳನ್ನು ಕನಿಷ್ಠ 104 ವಾರಗಳಲ್ಲಿ ಗಳಿಸಬೇಕು; ವಾರಕ್ಕೆ 40ಕ್ಕಿಂತ ಹೆಚ್ಚು ಲೆಕ್ಕಕ್ಕೆ ಬರುವುದಿಲ್ಲ. ಅದರಲ್ಲಿ 2,000 ಗಂಟೆ ರೋಗನಿರ್ಣಯ, ಮೌಲ್ಯಮಾಪನ, ಚಿಕಿತ್ಸೆಗಳದ್ದಾಗಿರಬೇಕು. ಆ 2,000ದೊಳಗೆ 750 ಗಂಟೆ ಮುಖಾಮುಖಿ ಮನೋಚಿಕಿತ್ಸೆಯೇ ಆಗಿರಬೇಕು. ಕಚೇರಿ ಅಲೆದಾಟ, ಕ್ಲೈಂಟ್‌ಗಳ ಪರ ವಕಾಲತ್ತು, ತರಬೇತಿಗಳೆಲ್ಲ ಸೇರಿ 1,000 ದಾಟುವಂತಿಲ್ಲ. ನಾಳೆ ಯಾರ ಕಣ್ಗಾವಲೂ ಇಲ್ಲದೆ ರೋಗನಿರ್ಣಯ ಮಾಡುವವರಿಗೆ 750 ಗಂಟೆ ಹೆಚ್ಚೇನಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಬಡವರ ನಡುವೆ ಕೆಲಸ ಮಾಡುವ ಸಂಸ್ಥೆಗಳಲ್ಲಿ ಮೊದಲು ತುಂಬುವುದು ಆ ಸಾವಿರದ ಕಾಲಂ, ಅದು ತುಂಬಿದ ಮೇಲೂ ಬಾಡಿಗೆ ಕಚೇರಿಗೆ ಹೋಗುವುದು ತಪ್ಪುವುದಿಲ್ಲ. ಆ ದುಡಿಮೆ ಯಾವ ಲೆಕ್ಕಕ್ಕೂ ಇಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎಂ.ಫಿಲ್. ಮಾಡಿದ ಗೆಳತಿಗೆ ಈ ಗಂಟೆಗಳ ಲೆಕ್ಕ ಕೇಳಿದರೆ ನಗು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮನೋವೈದ್ಯಕೀಯ ಸಮಾಜಕಾರ್ಯಕರ್ತರಿಗೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ವಿಧಿಸಿದೆ, ಮೇಲ್ವಿಚಾರಣೆಯ ಕ್ಲಿನಿಕಲ್ ತರಬೇತಿ ಕೋರ್ಸಿನೊಳಗೇ ಮುಗಿಯುತ್ತದೆ. ಇಲ್ಲಿ ಪದವಿಯ ನಂತರ ನಮ್ಮ ಲಾಗ್ ನಾವೇ ಕಾಪಾಡಿಕೊಂಡು ಸಹಿಗಾಗಿ ಓಡಾಡಬೇಕು.

ಸಹಿಯ ಮಾತು ಬಂತಲ್ಲ, ಅದೇ ಈಗಿನ ಚಿಂತೆ. ಹೊರಡುವ ಮುನ್ನ ಸೂಪರ್‌ವೈಸರ್, ಈ ತಿಂಗಳ ಕೊನೆಗೆ ಕೆಲಸ ಬಿಡುತ್ತಿರುವುದಾಗಿ ಹೇಳಿದರು. ಅವರು ಹೋಗುವುದರೊಳಗೆ ಅನುಭವ ದೃಢೀಕರಣದ ನಮೂನೆಗೆ ಸಹಿ ಆಗಬೇಕು. ಹೊಸಬರು ಬಂದ 60 ದಿನಗಳೊಳಗೆ ಅವರೊಂದಿಗೆ ಮತ್ತೊಂದು ಒಪ್ಪಂದ ಪತ್ರ ಆಗಬೇಕು. ಆ ಹೊಸಬರು ಎಲ್‌ಸಿಎಸ್‌ಡಬ್ಲ್ಯು ಆಗಿದ್ದರೆ ಸರಿ. ಮದುವೆ-ಕುಟುಂಬ ಚಿಕಿತ್ಸಕರಾಗಿದ್ದರೆ, ಕನಿಷ್ಠ 1,700 ಗಂಟೆ ಎಲ್‌ಸಿಎಸ್‌ಡಬ್ಲ್ಯು ಮೇಲ್ವಿಚಾರಣೆಯಲ್ಲೇ ಆಗಬೇಕೆಂಬ ನಿಯಮಕ್ಕೆ ನನ್ನ ಲೆಕ್ಕ ಇನ್ನೂ ಸಾಲದು, ಆಗ ಹೊರಗಿನ ಯಾರನ್ನಾದರೂ ಹುಡುಕಬೇಕು.